ಹತ್ತೂವರೆಗೆ ದೀಪ ಆರಲಿ



ಕೆಲವು ವಾರಗಳ ಹಿಂದಷ್ಟೇ ಆಸ್ಪತ್ರೆಯ ಫೈಲಿನ ಮೇಲೆ 'ಬೈಪೋಲಾರ್' ಎಂದು ಬರೆಸಿಕೊಂಡು, ಮಗನನ್ನೋ ಮಗಳನ್ನೋ ಕರೆದುಕೊಂಡು ಮನೆಗೆ ಬಂದಿರುವ ತಂದೆತಾಯಿಗಳಿಗಾಗಿ ಇವತ್ತಿನ ಮಾತು. ಮಿಕ್ಕವರು ಕೇಳಬಾರದೆಂದಿಲ್ಲ, ಅಂಥದೊಂದು ಮನೆ ನಿಮ್ಮ ಓಣಿಯಲ್ಲೇ ಇರಬಹುದು. 1935ರಲ್ಲಿ ಮೈಸೂರಿನಲ್ಲಿ ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರ ಆರಂಭಿಸಿದ ಎಂ. ವಿ. ಗೋಪಾಲಸ್ವಾಮಿಯವರು ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರು. ಹಾಗಾಗಿ ಮನಸ್ಸಿನ ಕಾಯಿಲೆಯ ಮಾತಿಗೆ ನಮ್ಮ ನಾಡಿನ ರೇಡಿಯೋದಲ್ಲಿ ಹುಟ್ಟಿನಿಂದಲೇ ಹಕ್ಕಿದೆ ಎಂದುಕೊಂಡು ಶುರುಮಾಡುತ್ತೇನೆ.

ನಾನು ಡಾಕ್ಟರಲ್ಲ. ಮನೋವೈದ್ಯಕೀಯ ವಿಭಾಗದಲ್ಲಿ ಸಮಾಜ ಕಾರ್ಯಕರ್ತೆ. ಡಾಕ್ಟರ ಕೋಣೆಯಿಂದ ಹೊರಬಂದವರು ಮಾತ್ರೆ ಚೀಟಿ ಹಿಡಿದುಕೊಂಡು ನನ್ನೆದುರು ಕೂರುತ್ತಾರೆ, ಒಳಗೆ ಕೇಳಲಾಗದ್ದನ್ನು ಇಲ್ಲಿ ಕೇಳುತ್ತಾರೆ. ಮೊದಲ ಮಾತು ಸಾಮಾನ್ಯವಾಗಿ ಕಾಯಿಲೆಯದಾಗಿರುವುದಿಲ್ಲ. 'ಮೇಡಂ, ಹೋದ ತಿಂಗಳು ಎಷ್ಟು ಚೆನ್ನಾಗಿದ್ದ ಗೊತ್ತಾ?' ಎನ್ನುತ್ತಾರೆ ತಾಯಿ.

ಆ 'ಚೆನ್ನಾಗಿ'ಯ ವಿವರ ಕೇಳಿದರೆ ಒಂದು ಮನೆಯದು ಇನ್ನೊಂದು ಮನೆಯದನ್ನು ಹೋಲುತ್ತದೆ. ಹುಡುಗ ಎರಡನೇ ಪಿಯುಸಿ. ಅದುವರೆಗೆ ಅವನನ್ನು ಎಬ್ಬಿಸಲು ಮೂರು ಸಲ ಕೂಗಬೇಕಿತ್ತು. ಇದ್ದಕ್ಕಿದ್ದಂತೆ ಬೆಳಗಿನ ಜಾವ ಮೂರಕ್ಕೇ ಎದ್ದು ಕೂತ. ಗೋಡೆ ತುಂಬ ವೇಳಾಪಟ್ಟಿ ಅಂಟಿಸಿದ. ಫಿಸಿಕ್ಸ್ ಪುಸ್ತಕ ಎರಡೇ ದಿನದಲ್ಲಿ ಮುಗಿಯಿತು ಎಂದ. ಅಂಗಡಿ ಹೇಗೆ ನಡೆಸಬೇಕೆಂದು ಅಪ್ಪನಿಗೇ ಹೇಳಿಕೊಟ್ಟ. ನೆಂಟರ ಎದುರು ಬಾಯಿ ಬಿಡದಿದ್ದವನು ಬೀದಿಯವರನ್ನೆಲ್ಲ ನಿಲ್ಲಿಸಿ ಮಾತನಾಡಿಸಿದ. 'ಅಂತೂ ಬುದ್ಧಿ ಬಂತು' ಎಂದು ಅಜ್ಜಿ ತುಪ್ಪದ ದೀಪ ಹಚ್ಚಿದರು. ಓದುವುದೆಂದರೆ ನಿದ್ದೆಗೆಡುವುದು ಎಂದೇ ನಂಬಿರುವ ನಮ್ಮ ಸಿಇಟಿ, ನೀಟ್ ಮನೆಗಳಲ್ಲಿ ಉನ್ಮಾದ ಮುಂಬಾಗಿಲಿನಿಂದಲೇ ಆರತಿ ಎತ್ತಿಸಿಕೊಂಡು ಒಳಗೆ ಬರುತ್ತದೆ. ಎಂಟನೆಯ ದಿನವೋ ಹತ್ತನೆಯ ದಿನವೋ, ಬೈಕಿನ ಕೀಲಿ ಕೊಡಲಿಲ್ಲವೆಂದು ಅವನು ಅಪ್ಪನ ಕೊರಳಪಟ್ಟಿ ಹಿಡಿದಾಗ ಅದೇ ಅಜ್ಜಿ 'ಯಾರದೋ ದೃಷ್ಟಿ ತಾಗಿದೆ' ಎಂದರು. ಇದು ಯಾರೋ ಒಬ್ಬರ ಮನೆಯ ಕತೆಯಲ್ಲ, ಹಲವು ಮನೆಗಳಿಂದ ಆಯ್ದು ಜೋಡಿಸಿದ್ದು.

ಆ ತಾಯಿಗೆ ಆಗಿರುವ ನಷ್ಟ ಏನೆಂದು ಸ್ವಲ್ಪ ನಿಂತು ನೋಡಬೇಕು. ಮಗನಿಗೆ ಕಾಯಿಲೆ ಎಂಬುದು ಒಂದು ದುಃಖ. ಅವನ ಅತ್ಯಂತ ಒಳ್ಳೆಯ ದಿನಗಳೆಂದು ತಾನು ಎಣಿಸಿದ್ದೇ ಕಾಯಿಲೆಯಂತೆ ಎಂಬುದು ಇನ್ನೊಂದು, ಅದು ಇನ್ನೂ ವಿಚಿತ್ರವಾದ ದುಃಖ. ಅಲ್ಲಿಂದ ಮುಂದೆ ಅವನ ಪ್ರತಿ ನಗುವಿನ ಮೇಲೂ ಆಕೆಗೆ ಅನುಮಾನ. ಈ ಅನುಮಾನವನ್ನು ಏನು ಮಾಡಬೇಕು ಎಂಬುದೇ ನನ್ನ ವಿಷಯ. ಅದಕ್ಕೆ ಮೊದಲು ಕಾಯಿಲೆಯ ಬಗ್ಗೆ ನಾಲ್ಕು ಮಾತು.

ಬೈಪೋಲಾರ್‌ನಲ್ಲಿ ಎರಡು ಬಗೆಯ ಅವಧಿಗಳು ಬಂದು ಹೋಗುತ್ತವೆ. ಒಂದು ಉನ್ಮಾದ: ನಿದ್ದೆ ಬೇಡ, ಮಾತು ನಿಲ್ಲದು, ತಾನು ಏನನ್ನೂ ಮಾಡಬಲ್ಲೆ ಎಂಬ ಭಾವ, ದುಡ್ಡಿನ ಮೇಲೆ ಹಿಡಿತವಿಲ್ಲ, ತಡೆದರೆ ಸಿಡುಕು. ಇನ್ನೊಂದು ಖಿನ್ನತೆ. ಉನ್ಮಾದವೆನ್ನಬೇಕಾದರೆ ಈ ಸ್ಥಿತಿ ದಿನದ ಬಹುಪಾಲು, ಕನಿಷ್ಠ ಒಂದು ವಾರ ಇರಬೇಕು. ಆಸ್ಪತ್ರೆಗೆ ಸೇರಿಸುವಷ್ಟು ಜೋರಾಗಿದ್ದರೆ ವಾರ ತುಂಬಬೇಕಿಲ್ಲ. ಖಿನ್ನತೆಗೆ ಕನಿಷ್ಠ ಎರಡು ವಾರ. ಬೆಳಿಗ್ಗೆ ನಗು, ಸಂಜೆ ಅಳು, ರಾತ್ರಿ ಮೊಬೈಲಿಗೆ ಜಗಳ, ಇಷ್ಟಕ್ಕೇ ಯಾರೂ ಬೈಪೋಲಾರ್ ಎನ್ನುವಂತಿಲ್ಲ, ಅದು ಹದಿಹರೆಯ. ಕಾಯಿಲೆ ಮೊದಲು ಕಾಣಿಸುವುದು ಹೆಚ್ಚಾಗಿ 15ರಿಂದ 25ರ ನಡುವೆ. ಏಳೆಂಟು ವರ್ಷದ ಮಗುವಿಗೆ ಈ ಹೆಸರು ಹಚ್ಚಿದ್ದರೆ ಇನ್ನೊಬ್ಬ ಮಕ್ಕಳ ಮನೋವೈದ್ಯರ ಅಭಿಪ್ರಾಯ ಕೇಳುವುದರಲ್ಲಿ ಸಂಕೋಚ ಬೇಡ. ಅಮೆರಿಕದಲ್ಲಿ 1994ರಿಂದ 2003ರೊಳಗೆ ಮಕ್ಕಳು ಮತ್ತು ಹದಿಹರೆಯದವರಿಗೆ ಬೈಪೋಲಾರ್ ಎಂದು ಬರೆದುಕೊಟ್ಟ ವೈದ್ಯರ ಭೇಟಿಗಳು ಸುಮಾರು 40 ಪಟ್ಟು ಏರಿದ್ದವು. ಸದಾ ಸಿಟ್ಟಿನಲ್ಲಿರುವ ಮಕ್ಕಳೆಲ್ಲ ಆ ಪಟ್ಟಿಗೆ ಸೇರಿದ್ದರು. ಅದನ್ನು ತಿದ್ದಲೆಂದೇ 2013ರಲ್ಲಿ ಅಲ್ಲಿನ ಮನೋವೈದ್ಯರು ಅಂಥ ಮಕ್ಕಳಿಗೆ ಬೇರೆಯದೇ ಒಂದು ಹೆಸರನ್ನು ತಮ್ಮ ಕೈಪಿಡಿಗೆ ಸೇರಿಸಬೇಕಾಯಿತು.

ನಮ್ಮಲ್ಲಿ ಆಗುವುದು ಬಹುತೇಕ ತಿರುಗುಮುರುಗು. 2015–16ರಲ್ಲಿ ನಿಮ್ಹಾನ್ಸ್ ಮುಂದಾಳತ್ವದಲ್ಲಿ 12 ರಾಜ್ಯಗಳಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ಬೈಪೋಲಾರ್ ಇರುವ ಹತ್ತು ವಯಸ್ಕರಲ್ಲಿ ಸುಮಾರು ಏಳು ಮಂದಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಹೆಸರು ಸಿಕ್ಕಿದ್ದಕ್ಕೆ ನೀವು ಅತ್ತಿರಬಹುದು. ಹೆಸರೇ ಸಿಗದೆ ಉಳಿದವರ ಮನೆಗಳನ್ನು ಕಂಡಿರುವುದರಿಂದ ನಾನು ಹೇಳುತ್ತೇನೆ, 16ನೇ ವಯಸ್ಸಿಗೇ ಸಿಕ್ಕಿತಲ್ಲ ಎಂಬುದೂ ಒಂದು ಸಮಾಧಾನ.

ಹೆಸರು ತಡವಾಗಲು ಒಂದು ಕಾರಣ, ಮೊದಲು ಬರುವುದು ಅನೇಕ ಸಲ ಖಿನ್ನತೆ. ಅದನ್ನು ಮನೆಯವರು ಸೋಮಾರಿತನ ಎನ್ನುತ್ತಾರೆ, ಕಾಲೇಜಿನವರು ಹಾಜರಾತಿ ಕೊರತೆ ಎನ್ನುತ್ತಾರೆ. ಡಾಕ್ಟರಲ್ಲಿಗೆ ಹೋದರೆ ಖಿನ್ನತೆಯ ಮಾತ್ರೆ. ಬೈಪೋಲಾರ್ ಇರುವವರಿಗೆ ಬರೀ ಆ ಮಾತ್ರೆಯನ್ನು ಕೊಟ್ಟರೆ ಕೆಲವರಲ್ಲಿ ಮನಸ್ಸು ಉನ್ಮಾದದ ಕಡೆಗೆ ಹೊರಳಿಬಿಡುತ್ತದೆ. ಆದ್ದರಿಂದಲೇ ಡಾಕ್ಟರು ನಿಮ್ಮ ವಂಶದ ಕತೆ ಕೇಳುವುದು. 'ನಮ್ಮ ಕಡೆ ಯಾರಿಗೂ ಇಲ್ಲ' ಎಂದು ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ ಹೇಳುವುದನ್ನು ನಾನು ಬಹಳ ಸಲ ಕೇಳಿದ್ದೇನೆ. ಇಷ್ಟೊಂದು ಒಮ್ಮತ ಆ ಮನೆಯಲ್ಲಿ ಇನ್ನಾವ ವಿಷಯಕ್ಕೂ ಇರಲಾರದು! ಆಮೇಲೆ ನಿಧಾನವಾಗಿ ಒಬ್ಬ ಚಿಕ್ಕಪ್ಪ ಹೊರಬರುತ್ತಾರೆ. ಒಂದೇ ತಿಂಗಳಲ್ಲಿ ಎರಡು ಎಕರೆ ಮಾರಿ ಊರಿಗೆಲ್ಲ ಊಟ ಹಾಕಿಸಿ, ಮಾರನೆಯ ವರ್ಷ ಆರು ತಿಂಗಳು ಮಂಚ ಬಿಟ್ಟು ಏಳದಿದ್ದವರು. ಕಾಶಿಗೆ ಹೊರಟು ಹೋದ ಒಬ್ಬ ಮುತ್ತಾತ. ಅವರಿಗೆಲ್ಲ ಇದೇ ಇತ್ತೆಂದು ಈಗ ಹೇಳಲಾಗದು. ಆದರೆ ಡಾಕ್ಟರಿಗೆ ಹೇಳಿ.

ಈ ಕಾಯಿಲೆಯಲ್ಲಿ ಅನುವಂಶೀಯತೆಯ ಪಾಲು ದೊಡ್ಡದು. ಹಾಗೆಂದು ಅದು ವಿಧಿಬರಹವಲ್ಲ: ತಂದೆ ಅಥವಾ ತಾಯಿಗೆ ಇದ್ದರೂ ನೂರು ಮಕ್ಕಳಲ್ಲಿ ತೊಂಬತ್ತಕ್ಕೂ ಹೆಚ್ಚು ಮಂದಿಗೆ ಅದು ಬರುವುದಿಲ್ಲ. ಒಂದೇ ಅಂಡದಿಂದ ಹುಟ್ಟಿದ ಅವಳಿಗಳಲ್ಲೂ ಒಬ್ಬರಿಗೆ ಬಂದರೆ ಮತ್ತೊಬ್ಬರಿಗೆ ಬಂದೇ ತೀರಬೇಕೆಂದಿಲ್ಲ. ಬಸುರಿನಲ್ಲಿ ತಾಯಿ ಏನು ತಿಂದಳು, ತಂದೆ ಎಷ್ಟು ಬೈದ, ಮೊಬೈಲ್ ಯಾರು ಕೊಡಿಸಿದರು ಎಂಬ ಪಂಚಾಯಿತಿಯನ್ನು ಇಲ್ಲಿಗೆ ಬರಖಾಸ್ತು ಮಾಡಬಹುದು. ಆ ಪಂಚಾಯಿತಿ ನಡೆಯುತ್ತಿರುವಾಗ ಮಗು ಪಕ್ಕದ ಕೋಣೆಯಲ್ಲಿ ಎಲ್ಲವನ್ನೂ ಕೇಳುತ್ತಿರುತ್ತದೆ.

ಇನ್ನು ನಿದ್ದೆ. ನಾನು ಹೆಚ್ಚು ಹೊತ್ತು ನಿಲ್ಲಬೇಕೆಂದಿರುವುದು ಇಲ್ಲೇ.

ಉನ್ಮಾದಕ್ಕೂ ನಿದ್ದೆಗೂ ಇರುವ ನಂಟು ಎರಡು ಕಡೆಯದು. ಉನ್ಮಾದ ಬರುವಾಗ ನಿದ್ದೆ ಕಡಿಮೆಯಾಗುತ್ತದೆ. ನಿದ್ದೆ ಕೆಟ್ಟರೆ ಉನ್ಮಾದ ಬರುತ್ತದೆ. ಅಂದರೆ ನಿದ್ದೆ ಮುನ್ಸೂಚನೆಯೂ ಹೌದು, ಕಾರಣವೂ ಹೌದು. ತಂದೆತಾಯಿಗಳ ಕೈಯಲ್ಲಿ ನೇರವಾಗಿ ಇರುವುದು ಇದೊಂದೇ. ಮಗುವಿನ ಮೆದುಳಿನೊಳಗೆ ಏನಾಗುತ್ತಿದೆಯೆಂದು ನಿಮಗೆ ಕಾಣುವುದಿಲ್ಲ, ಕೋಣೆಯ ದೀಪ ಎಷ್ಟಕ್ಕೆ ಆರಿತು ಎಂಬುದು ಕಾಣುತ್ತದೆ. ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ಎಲೆನ್ ಫ್ರಾಂಕ್ ಎಂಬ ಮನೋವಿಜ್ಞಾನಿ ಏಳುವ, ಉಣ್ಣುವ, ಮಂದಿಯೊಡನೆ ಬೆರೆಯುವ, ಮಲಗುವ ಹೊತ್ತುಗಳನ್ನು ಒಂದೇ ಲಯದಲ್ಲಿಡುವುದನ್ನೇ ಈ ಕಾಯಿಲೆಗೆ ಒಂದು ಚಿಕಿತ್ಸಾಕ್ರಮವಾಗಿ ಬೆಳೆಸಿದರು. ಕೇಳಿದರೆ ನಮ್ಮ ಅಜ್ಜಿಯಂದಿರ ಮಾತಿನಂತಿದೆ. ಆದರೆ ಅಜ್ಜಿಯಂದಿರ ಮನೆಯಲ್ಲಿ ರಾತ್ರಿ ಒಂದು ಗಂಟೆಯ ಆನ್‌ಲೈನ್ ಕ್ಲಾಸ್ ಇರಲಿಲ್ಲ.

ನಿದ್ದೆ ಬಾರದ್ದೆಲ್ಲ ಅಪಾಯವಲ್ಲ. ಪರೀಕ್ಷೆಯ ಚಿಂತೆಯಲ್ಲಿ ಹೊರಳಾಡಿದ ಹುಡುಗಿ ಬೆಳಿಗ್ಗೆ ಕಣ್ಣುರಿ, ತಲೆನೋವು ಎಂದು ಏಳುತ್ತಾಳೆ. ಅದು ನಿದ್ದೆ ಬಾರದ ಕಷ್ಟ. ಮೂರೇ ಗಂಟೆ ಮಲಗಿ, ಹೂವಿನಂತೆ ಎದ್ದು, 'ನನಗೆ ನಿದ್ದೆಯೇ ಬೇಡಮ್ಮ' ಎಂದರೆ ಅದು ಬೇರೆ. ನಿದ್ದೆ ಇಳಿದು ಸುಸ್ತೂ ಇಲ್ಲದ ಎರಡು ರಾತ್ರಿ ಒಂದರ ಹಿಂದೊಂದು ಬಂದರೆ ಮೂರನೆಯದಕ್ಕೆ ಕಾಯದೆ ಡಾಕ್ಟರಿಗೆ ಫೋನ್ ಮಾಡಿ ಎಂದು ನಾನು ಹೇಳುತ್ತೇನೆ. ಹಾಗೆ ಹಿಡಿದ ಏರಿಕೆಯನ್ನು ಮಾತ್ರೆಯ ಸಣ್ಣ ಬದಲಾವಣೆಯಲ್ಲೇ ಇಳಿಸಬಹುದು. ವಾರ ಕಳೆದರೆ ಆಸ್ಪತ್ರೆಯ ಹಾಸಿಗೆ ಬೇಕಾಗುತ್ತದೆ.

ಹಾಗಾದರೆ ಊರ ಜಾತ್ರೆ? ಗಣೇಶೋತ್ಸವದ ಆರ್ಕೆಸ್ಟ್ರಾ? ದಕ್ಷಿಣ ಕನ್ನಡದ ತಾಯಿಯೊಬ್ಬರು ಬೆಳಗಿನವರೆಗೆ ನಡೆಯುವ ಯಕ್ಷಗಾನದ ಬಗ್ಗೆ ಕೇಳಿದ್ದರು. ಹುಡುಗನಿಗೆ ಪ್ರಾಣ, ಬೇಡ ಎನ್ನಲಾರೆ ಎಂದರು. ಬೇಡ ಎನ್ನಬೇಡಿ. ಕಾಲಮಿತಿಯ ಪ್ರದರ್ಶನಗಳು ಈಗ ಬೇಕಾದಷ್ಟಿವೆ, ಅಲ್ಲಿಗೆ ಹೋಗಲಿ. ಇಡೀ ರಾತ್ರಿಯ ಆಟವಾದರೆ ಒಂದು ಪ್ರಸಂಗ ಮುಗಿಯುತ್ತಿದ್ದಂತೆ ಕರೆದುಕೊಂಡು ಬನ್ನಿ. ನೆಂಟರ ಮದುವೆಗೆ ರಾತ್ರಿ ಬಸ್ಸಿನಲ್ಲಿ ಹೋಗಿ ಮುಹೂರ್ತಕ್ಕೆ ಇಳಿಯುವುದನ್ನು ಮಾತ್ರ ಕೈಬಿಡಿ. ಹಿಂದಿನ ದಿನ ಹಗಲಲ್ಲೇ ಹೊರಡಿ. ಪರೀಕ್ಷೆಯ ರಾತ್ರಿಗಳ ಬಗ್ಗೆ ನನಗೆ ರಾಜಿಯಿಲ್ಲ. ಹತ್ತೂವರೆಗೆ ದೀಪ ಆರಬೇಕು, ಮೊಬೈಲ್ ಅಪ್ಪನ ಕೋಣೆಯಲ್ಲಿ ಚಾರ್ಜಿಗೆ ಬೀಳಬೇಕು. ಅಪ್ಪನದೂ ಅಲ್ಲೇ ಬಿದ್ದರೆ ಒಳ್ಳೆಯದು. ಮಗನಿಗೆ ಮಲಗು ಎಂದು ಹೇಳಿ ಹಜಾರದಲ್ಲಿ ಹನ್ನೆರಡರವರೆಗೆ ಟೀವಿ ಹಾಕಿಕೊಂಡು ಕೂತರೆ ಆಗುವುದಿಲ್ಲ. ಮನೆಯೇ ಮಲಗಬೇಕು.

ಒಂದು ನೋಟ್‌ಬುಕ್ ಇಡಿ. ಮಲಗಿದ ಹೊತ್ತು, ಎದ್ದ ಹೊತ್ತು, ಮಾತ್ರೆ ತೆಗೆದುಕೊಂಡದ್ದು, ಇಷ್ಟೇ. 'ಇವತ್ತು ಮುಖ ಸಪ್ಪಗಿತ್ತು', 'ಇವತ್ತು ಜಾಸ್ತಿ ನಕ್ಕಳು' ಎಂದು ನೀವು ಬರೆಯಬೇಡಿ. ಮನಸ್ಸಿನ ಲೆಕ್ಕ ಬರೆಯುವುದಾದರೆ ಅದನ್ನು ಮಗುವೇ ಬರೆಯಲಿ, ತನ್ನದೇ ಪುಸ್ತಕದಲ್ಲಿ, ನಿಮಗೆ ತೋರಿಸಬೇಕೆಂಬ ಕಟ್ಟಳೆಯಿಲ್ಲದೆ. ಈ ಗೆರೆ ಯಾಕೆ ಎಳೆಯುತ್ತೇನೆಂಬುದಕ್ಕೆ ಆಮೇಲೆ ಬರುತ್ತೇನೆ.

ಮಾತ್ರೆಗಳಲ್ಲಿ ನಿಮಗೆ ಹೆಚ್ಚು ಕೇಳಸಿಗುವ ಹೆಸರು ಲಿಥಿಯಂ. ಅದೊಂದು ಲವಣ. ಆಸ್ಟ್ರೇಲಿಯಾದ ಜಾನ್ ಕೇಡ್ ಎಂಬ ಮನೋವೈದ್ಯ ಅದನ್ನು ಮೊದಲು ಗಿನಿ ಇಲಿಗಳಿಗೆ, ಆಮೇಲೆ ಸ್ವತಃ ತನಗೆ, ಕೊನೆಗೆ ಉನ್ಮಾದದ ಹತ್ತು ರೋಗಿಗಳಿಗೆ ಕೊಟ್ಟು ನೋಡಿ 1949ರಲ್ಲಿ ವರದಿ ಪ್ರಕಟಿಸಿದ. ವರ್ಷಗಟ್ಟಲೆ ಆಸ್ಪತ್ರೆಯಲ್ಲಿದ್ದ ಅವನ ಮೊದಲ ರೋಗಿ ಸುಧಾರಿಸಿ ಮನೆಗೂ ಹೋದ, ಮಾತ್ರೆ ಬಿಟ್ಟ, ಮತ್ತೆ ಆಸ್ಪತ್ರೆಗೆ ಬಂದ, ಕೊನೆಗೆ ಲಿಥಿಯಂ ಮೈಗೇರಿ ತೀರಿಕೊಂಡ. ಆಗ ರಕ್ತದಲ್ಲಿ ಅದರ ಮಟ್ಟ ಅಳೆದು ಕೊಡುವ ರೂಢಿ ಇರಲಿಲ್ಲ. ಅದೇ 1949ರಲ್ಲಿ ಅಮೆರಿಕದಲ್ಲಿ ಹೃದ್ರೋಗಿಗಳು ಅಡುಗೆ ಉಪ್ಪಿನ ಬದಲಿಗೆ ಲಿಥಿಯಂ ಉಪ್ಪು ಬಳಸಿ ಕೆಲವರು ಸತ್ತರು. ಆ ಭಯದಲ್ಲಿ ಅಲ್ಲಿ 1970ರವರೆಗೆ ಈ ಔಷಧಕ್ಕೆ ಅನುಮತಿಯೇ ಸಿಗಲಿಲ್ಲ. ಮಾತ್ರೆಯ ಗುಣ, ಬಿಡುವುದರ ಅಪಾಯ, ಮಿತಿ ಮೀರಿದರೆ ಏನು, ಮೂರೂ ಅದರ ಹುಟ್ಟಿನ ಕತೆಯಲ್ಲೇ ಇವೆ.

ಇವತ್ತು ರಕ್ತ ಪರೀಕ್ಷೆಯಿದೆ. ರಕ್ತದ ಒಂದು ಲೀಟರಿಗೆ ಸಾಮಾನ್ಯವಾಗಿ 0.6ರಿಂದ 1.0 ಮಿಲಿಇಕ್ವಿವಲೆಂಟ್ ಇರುವಂತೆ ಡಾಕ್ಟರು ನೋಡಿಕೊಳ್ಳುತ್ತಾರೆ; 1.5 ದಾಟಿತೆಂದರೆ ವಿಷದ ದಾರಿ. ರಕ್ತ ಕೊಡಬೇಕಾದದ್ದು ಹಿಂದಿನ ಮಾತ್ರೆ ತೆಗೆದುಕೊಂಡ ಹನ್ನೆರಡು ಗಂಟೆಗೆ. ಬೆಳಗಿನ ಮಾತ್ರೆ ನುಂಗಿ ಲ್ಯಾಬಿಗೆ ಹೋದರೆ ಆ ಅಂಕಿಗೆ ಅರ್ಥವಿಲ್ಲ. ಥೈರಾಯ್ಡ್, ಮೂತ್ರಪಿಂಡದ ಪರೀಕ್ಷೆಯನ್ನೂ ಆಗಾಗ ಮಾಡಿಸುತ್ತಾರೆ. ಮೈಯ ನೀರು, ಉಪ್ಪು ಕಡಿಮೆಯಾದರೆ ಲಿಥಿಯಂ ಮಟ್ಟ ಏರುತ್ತದೆ. ಹಾಗಾಗಿ ರಾಯಚೂರು, ಕಲಬುರಗಿಯ ಏಪ್ರಿಲ್ ಬಿಸಿಲಲ್ಲಿ ಕ್ರಿಕೆಟ್ ಆಡುವ ಹುಡುಗ ನೀರಿನ ಬಾಟಲಿ ಮರೆಯಬಾರದು. ನಿರ್ಜಲ ಏಕಾದಶಿ, ರಂಜಾನ್ ಉಪವಾಸ, ಉಪ್ಪಿಲ್ಲದ ವ್ರತ ಯಾವುದನ್ನೂ ಡಾಕ್ಟರನ್ನು ಕೇಳದೆ ಹಿಡಿಯಬಾರದು. ವಾಂತಿ ಭೇದಿಯಾದರೆ ಮುಂದಿನ ಮಾತ್ರೆ ಕೊಡುವ ಮೊದಲು ಫೋನ್ ಮಾಡಿ. ಮೈಕೈ ನೋವಿಗೆ ಮೆಡಿಕಲ್ ಶಾಪಿನವರು ಕೊಡುವ ಐಬುಪ್ರೊಫೆನ್, ಡೈಕ್ಲೊಫೆನಾಕ್ ಕೂಡ ಲಿಥಿಯಂ ಮಟ್ಟ ಏರಿಸುತ್ತವೆ. ಪ್ಯಾರಾಸಿಟಮಾಲ್‌ಗೆ ಆ ತೊಂದರೆಯಿಲ್ಲ. ಕೈ ಜೋರಾಗಿ ನಡುಗಿ, ನಡಿಗೆ ತೂರಾಡಿ, ಮಾತು ತೊದಲಿದರೆ ಅದು ಕಾಯಿಲೆ ಹೆಚ್ಚಾದದ್ದಲ್ಲ, ಲಿಥಿಯಂ ಹೆಚ್ಚಾದದ್ದು, ನೇರ ಆಸ್ಪತ್ರೆಗೆ.

ಹೆಣ್ಣುಮಗುವಾದರೆ ಇನ್ನೊಂದು ಮಾತು. ವ್ಯಾಲ್ಪ್ರೋಯೇಟ್ ಎಂಬ ಮಾತ್ರೆ ಮುಂದೆ ಗರ್ಭದಲ್ಲಿರುವ ಶಿಶುವಿಗೆ ಹಾನಿ ಮಾಡಬಲ್ಲದು. ಅದನ್ನು ಬರೆದುಕೊಟ್ಟಿದ್ದರೆ ಬೇರೆ ಆಯ್ಕೆಯಿದೆಯೇ ಎಂದು ಕೇಳಿ. ಹದಿನೇಳರ ಹುಡುಗಿಯ ವಿಷಯದಲ್ಲಿ ಗರ್ಭದ ಮಾತೆತ್ತಲು ನಮ್ಮ ತಂದೆತಾಯಿಗಳಿಗೂ ನಾಚಿಕೆ, ಕೆಲವು ಸಲ ಡಾಕ್ಟರಿಗೂ ಮುಜುಗರ. ನೀವೇ ಕೇಳಿಬಿಡಿ. ಆದರೆ ಯಾವ ಮಾತ್ರೆಯನ್ನೂ ನೀವಾಗಿ ನಿಲ್ಲಿಸಬೇಡಿ. ತೂಕ ಏರುವುದು, ಮೊಡವೆ, ಬಾಯಾರಿಕೆ ನಿಮಗೆ ಸಣ್ಣ ವಿಷಯವಾಗಿ ಕಾಣಬಹುದು. ಕನ್ನಡಿಯ ಮುಂದೆ ಬದುಕುವ ವಯಸ್ಸಿನವರು ಮಾತ್ರೆಯನ್ನು ನಾಲಿಗೆಯ ಕೆಳಗಿಟ್ಟು ಆಮೇಲೆ ಉಗುಳುವುದು ಇದೇ ಕಾರಣಕ್ಕೆ. 'ನಿನ್ನ ಒಳ್ಳೆಯದಕ್ಕೇ' ಎಂದು ಗದರುವ ಬದಲು ಆ ದೂರನ್ನು ಡಾಕ್ಟರ ಮುಂದೆ ಅವರ ಬಾಯಿಂದಲೇ ಹೇಳಿಸಿ. ಮಾತ್ರೆ ಬದಲಿಸಲು ದಾರಿಗಳಿವೆ.

ಮಾತ್ರೆ ಬಿಡುವುದಕ್ಕೆ ಇನ್ನೊಂದು ಕಾರಣವಿದೆ, ಇದನ್ನು ಒಪ್ಪಿಕೊಳ್ಳುವುದು ತಂದೆತಾಯಿಗೆ ಕಷ್ಟ. ಉನ್ಮಾದ ಅವರಿಗೆ ಇಷ್ಟವಾಗಿತ್ತು. ಅಮೆರಿಕದ ಕೇ ರೆಡ್‌ಫೀಲ್ಡ್ ಜೇಮಿಸನ್ ಈ ಕಾಯಿಲೆಯ ಬಗ್ಗೆಯೇ ಜಗತ್ತಿಗೆ ಪಾಠ ಹೇಳುವ ಪ್ರಾಧ್ಯಾಪಕಿ. ಹೈಸ್ಕೂಲಿನ ಕೊನೆಯ ಹೊತ್ತಿಗೆ ಆಕೆಗೇ ಇದು ಶುರುವಾಗಿತ್ತು. 1995ರ ಆತ್ಮಕಥೆಯಲ್ಲಿ ಆಕೆ ಮುಚ್ಚಿಡದೆ ಬರೆದಿದ್ದಾರೆ: ಎಲ್ಲ ಗೊತ್ತಿದ್ದೂ ವರ್ಷಗಟ್ಟಲೆ ಲಿಥಿಯಂ ಜೊತೆ ಗುದ್ದಾಡಿದೆ, ಬಿಟ್ಟೆ, ಬಿದ್ದೆ, ಆ ಎತ್ತರದ ದಿನಗಳಿಗಾಗಿ ಹಂಬಲಿಸಿದೆ ಎಂದು. ಅಷ್ಟು ತಿಳಿದವರೇ ಹಾಗಿದ್ದರೆ ನಿಮ್ಮ ಹದಿನೇಳರ ಹುಡುಗ ತಿಂಗಳೊಂದರಲ್ಲೇ ಒಪ್ಪಲಿ ಎಂದರೆ ಹೇಗೆ? ಅವನು ಕಳೆದುಕೊಂಡದ್ದಕ್ಕೆ ದುಃಖಪಡಲು ಅವನಿಗೂ ಜಾಗ ಬೇಕು.

ಈಗ ನೋಟ್‌ಬುಕ್ಕಿನ ಆ ಗೆರೆಯ ವಿಷಯ. ನಮ್ಮ ವಿಭಾಗಗಳಲ್ಲಿ ಎಲ್ಲರೂ ಹೇಳುವ ಒಂದು ಮಾತಿದೆ: 'ಇದೂ ಸಕ್ಕರೆ ಕಾಯಿಲೆ ಇದ್ದ ಹಾಗೆ, ದಿನಾ ಮಾತ್ರೆ ತಗೊಂಡರೆ ಆಯಿತು.' ನಾನು ಆ ಮಾತನ್ನು ಹೇಳುವುದು ಬಿಟ್ಟಿದ್ದೇನೆ. ಸಕ್ಕರೆ ಕಾಯಿಲೆಯವನು ಸಿನಿಮಾ ನೋಡಿ ಜೋರಾಗಿ ನಕ್ಕರೆ ಯಾರೂ ಓಡಿಬಂದು ಅವನ ಸಕ್ಕರೆ ಪರೀಕ್ಷೆ ಮಾಡುವುದಿಲ್ಲ. ಬೈಪೋಲಾರ್ ಆದ ಹುಡುಗಿ ನಕ್ಕರೆ ಅಡುಗೆಮನೆಯಲ್ಲಿ ಸೌಟು ನಿಲ್ಲುತ್ತದೆ. ಸುಮ್ಮನೆ ಕೂತರೆ 'ಯಾಕೆ ಸುಮ್ಮನಿದೀಯ?' ತಂಗಿಯ ಮೇಲೆ ರೇಗಿದರೆ 'ಮಾತ್ರೆ ತಗೊಂಡ್ಯಾ?' ಈ ಕೊನೆಯ ಪ್ರಶ್ನೆಯಷ್ಟು ಆ ಮಕ್ಕಳನ್ನು ಕೆರಳಿಸುವುದು ಇನ್ನೊಂದಿಲ್ಲ. ತನಗೆ ನ್ಯಾಯವಾಗಿ ಬಂದ ಸಿಟ್ಟನ್ನೂ ಕಾಯಿಲೆಯ ಲೆಕ್ಕಕ್ಕೆ ಬರೆದುಬಿಟ್ಟರೆ ಅವಳಿಗೆ ಉಳಿಯುವುದೇನು?

ಲಂಡನ್ನಿನಲ್ಲಿ 1950ರ ದಶಕದಲ್ಲಿ ಜಾರ್ಜ್ ಬ್ರೌನ್ ಎಂಬ ಸಮಾಜವಿಜ್ಞಾನಿ ಆಸ್ಪತ್ರೆಯಿಂದ ಮನೆಗೆ ಹೋದ ರೋಗಿಗಳ ಬೆನ್ನುಹತ್ತಿ ನೋಡಿದರು. ಅವರದು ಸ್ಕಿಜೋಫ್ರೇನಿಯಾ ರೋಗಿಗಳ ಅಧ್ಯಯನ. ಸದಾ ಟೀಕೆ, ಹಗೆ, ಇಲ್ಲವೇ ಉಸಿರಾಡಲು ಬಿಡದಷ್ಟು ಕಾಳಜಿ ಇರುವ ಮನೆಗಳಿಗೆ ಹೋದವರು ಬೇಗ ಮತ್ತೆ ಕಾಯಿಲೆ ಬೀಳುತ್ತಿದ್ದರು. ಮುಂದೆ ಅಮೆರಿಕದಲ್ಲಿ ಡೇವಿಡ್ ಮಿಕ್ಲೊವಿಟ್ಸ್ ಅದೇ ಮಾತನ್ನು ಬೈಪೋಲಾರ್‌ನಲ್ಲೂ ಕಂಡು, ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ನಡೆಸುವ ಚಿಕಿತ್ಸೆಯೊಂದನ್ನು ರೂಪಿಸಿದರು. ಒಂಬತ್ತು ತಿಂಗಳು, 21 ಭೇಟಿ. ಟೀಕೆಯಿಂದ ಕಾಯಿಲೆ ಹುಟ್ಟುತ್ತದೆ ಎಂದು ಇವರಾರೂ ಹೇಳಲಿಲ್ಲ, ಮರುಕಳಿಸಲು ಅದು ದಾರಿ ಮಾಡುತ್ತದೆ ಎಂದರು. ನಮ್ಮ ಮನೆಗಳಲ್ಲಿ ಹಗೆ ಕಡಿಮೆ. ಉಸಿರುಕಟ್ಟಿಸುವ ಕಾಳಜಿಗೆ ಮಾತ್ರ ಬರವಿಲ್ಲ.

ಹಾಗಾಗಿ ನಾನು ಕೇಳಿಕೊಳ್ಳುವುದು ಕಾವಲನ್ನು ಬಿಡಿ ಎಂದಲ್ಲ, ಕಾವಲಿನ ಜಾಗ ಬದಲಿಸಿ ಎಂದು. ಗಡಿಯಾರವನ್ನು ಕಾಯಿರಿ, ಮಾತ್ರೆಯ ಪಟ್ಟಿಯನ್ನು ಕಾಯಿರಿ, ರಕ್ತ ಪರೀಕ್ಷೆಯ ದಿನಾಂಕವನ್ನು ಕಾಯಿರಿ. ನಗುವನ್ನು, ಮೌನವನ್ನು, ಸಿಟ್ಟನ್ನು ಮಗುವಿಗೇ ಬಿಡಿ. ನಿದ್ದೆ ಸರಿಯಾಗಿದ್ದರೆ ಆ ನಗು ಬಹುಮಟ್ಟಿಗೆ ಬರೀ ನಗುವೇ.

ಒಂದು ವಿಷಯ ಮಾತ್ರ ಈ ಗೆರೆಯಿಂದ ಹೊರಗೆ. ಈ ಕಾಯಿಲೆಯಲ್ಲಿ ಆತ್ಮಹತ್ಯೆಯ ಅಪಾಯ ಉಳಿದವರಿಗಿಂತ ಎಷ್ಟೋ ಪಟ್ಟು ಹೆಚ್ಚು. ಖಿನ್ನತೆಯಲ್ಲಿರುವಾಗ, ಅಥವಾ ಉನ್ಮಾದ, ಖಿನ್ನತೆ ಎರಡೂ ಸೇರಿ ಬಂದು ಮಗು ನಿಂತಲ್ಲಿ ನಿಲ್ಲಲಾರದಾದಾಗ, 'ಸಾಯಬೇಕು ಅನ್ನಿಸುತ್ತಾ?' ಎಂದು ಬಾಯಿಬಿಟ್ಟು ಕೇಳಿ. ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೋಗುತ್ತದೆ ಎಂಬುದು ತಪ್ಪು. ಹಳ್ಳಿಯ ಮನೆಯಾದರೆ ಹಿತ್ತಿಲ ಕೋಣೆಯ ಕೀಟನಾಶಕದ ಡಬ್ಬಿಯನ್ನು ಇವತ್ತೇ ಬೇರೆಯವರ ಮನೆಗೆ ಸಾಗಿಸಿ. ಮಾತ್ರೆಗಳ ಪಟ್ಟಿ ಬೀಗದೊಳಗಿರಲಿ, ದಿನದ್ದಷ್ಟೇ ಹೊರಬರಲಿ. ಲಿಥಿಯಂ ಒಮ್ಮೆಗೇ ಹೆಚ್ಚು ನುಂಗಿದರೆ ಪ್ರಾಣಕ್ಕೆ ಅಪಾಯ. ಹಗಲು ರಾತ್ರಿ ಯಾವಾಗಲಾದರೂ 14416ಕ್ಕೆ ಕರೆ ಮಾಡಬಹುದು. ಅದು ಟೆಲಿ ಮಾನಸ್, 2022ರ ಅಕ್ಟೋಬರ್ 10ರಂದು ಆರಂಭವಾದದ್ದು. ಕನ್ನಡದಲ್ಲೇ ಮಾತನಾಡುತ್ತಾರೆ, ದುಡ್ಡಿಲ್ಲ. ಪ್ರಯತ್ನವೇ ನಡೆದುಹೋಗಿದ್ದರೆ ಪೊಲೀಸ್ ಕೇಸಿನ ಭಯಕ್ಕೆ ಆಸ್ಪತ್ರೆಗೆ ಹೋಗುವುದನ್ನು ತಡಮಾಡಬೇಡಿ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯ 115ನೇ ಕಲಮು ಅಂಥವರನ್ನು ತೀವ್ರ ಒತ್ತಡದಲ್ಲಿದ್ದವರೆಂದೇ ಭಾವಿಸುತ್ತದೆ, ಶಿಕ್ಷಿಸುವುದಿಲ್ಲ.

ಯಾರಿಗೆ ಹೇಳಬೇಕು? ಕಾಲೇಜಿನಲ್ಲಿ ನಂಬಿಕೆಯ ಒಬ್ಬ ಅಧ್ಯಾಪಕರಿಗೆ, ಮನೆಯಲ್ಲಿ ಒಡಹುಟ್ಟಿದವರಿಗೆ. ಒಡಹುಟ್ಟಿದವರಿಗೆ ಮೊದಲು ಹೇಳಿ. ಅಣ್ಣ ಯಾಕೆ ಹೀಗಾದ ಎಂದು ಗೊತ್ತಾಗದೆ ತಂಗಿ ತನ್ನದೇ ಏನೋ ತಪ್ಪೆಂದುಕೊಂಡಿರುತ್ತಾಳೆ. ಮದುವೆ ಮನೆಯಲ್ಲಿ ಸಿಕ್ಕ ದೂರದ ನೆಂಟರಿಗೆ ಹೇಳಬೇಕಾದ ಋಣವೇನೂ ಇಲ್ಲ. ತಾತ ಅಜ್ಜಿ ಒಪ್ಪದಿದ್ದರೆ ಮನೋವೈದ್ಯ ಡಾ. ಸಿ. ಆರ್. ಚಂದ್ರಶೇಖರ್ ಅವರ ಪುಸ್ತಕ ಯಾವುದಾದರೂ ಕೈಗಿಡಿ. ಈ ವಿಷಯದಲ್ಲಿ ಕನ್ನಡ ಬಡವಾಗಿಲ್ಲ. ಮನೋವೈದ್ಯಕೀಯವನ್ನು ಕುರಿತ 'ಮನಮಂಥನ'ಕ್ಕಾಗಿ ನಮ್ಮ 'ರಾಶಿ', 'ಕೊರವಂಜಿ' ಹಾಸ್ಯಪತ್ರಿಕೆಯ ಡಾ. ಎಂ. ಶಿವರಾಂ, 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದರು. ಗಾಣಗಾಪುರಕ್ಕೋ ದರ್ಗಾಕ್ಕೋ ಹೋಗಿಬರುತ್ತೇವೆ ಎಂದರೆ ನಾನು ತಡೆಯುವುದಿಲ್ಲ. ಮಾತ್ರೆಯ ಡಬ್ಬಿ ಜೊತೆಗಿರಲಿ, ರಾತ್ರಿ ಜಾಗರಣೆ ಬೇಡ, ಹೊಡೆಯುವವರ ಕೈಗೆ ಮಗುವನ್ನು ಕೊಡಬೇಡಿ. ಬೆಂಗಳೂರು, ಧಾರವಾಡದವರೆಗೆ ಬರಲಾಗದವರಿಗೆ ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರಿರುತ್ತಾರೆ. ಮನೋಚೈತನ್ಯ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಬರುತ್ತಾರೆ.

ಆಸ್ಪತ್ರೆಗೆ ಸೇರಿಸಬೇಕಾಗಿ ಬಂದರೆ, 18 ತುಂಬದ ಮಗುವನ್ನು ದೊಡ್ಡವರ ವಾರ್ಡಿನಲ್ಲಿ ಇಡುವಂತಿಲ್ಲ, ದಾಖಲಾಗಿರುವಷ್ಟೂ ದಿನ ಪೋಷಕರು ಅಥವಾ ಅವರು ಗೊತ್ತುಮಾಡಿದವರು ಜೊತೆಗಿರಬೇಕು. ಇದೂ 2017ರ ಅದೇ ಕಾಯ್ದೆಯ ಮಾತು. ಆ ಕಾಯ್ದೆಯಲ್ಲಿ ಇನ್ನೊಂದು ಸೌಲಭ್ಯವಿದೆ, ಅದನ್ನು ಬಳಸಿದ ಮನೆಗಳು ನನಗೆ ಕಂಡಿರುವುದು ವಿರಳ. ಮುಂಗಡ ನಿರ್ದೇಶನ. ನಾಳೆ ಕಾಯಿಲೆ ಮರುಕಳಿಸಿ ನಿರ್ಧಾರ ಮಾಡುವ ಶಕ್ತಿ ಇಲ್ಲದಾದರೆ ತನಗೆ ಯಾವ ಚಿಕಿತ್ಸೆ ಕೊಡಬೇಕು, ಯಾವುದು ಬೇಡ, ತನ್ನ ಪರವಾಗಿ ಯಾರು ಮಾತನಾಡಬೇಕು ಎಂದು ಸ್ವಸ್ಥ ಇರುವಾಗಲೇ ಬರೆದಿಡುವುದು. ಮಗುವಿಗೆ 18 ತುಂಬುವವರೆಗೆ ಅದನ್ನು ಬರೆಯುವ ಹಕ್ಕು ನಿಮ್ಮದು. ಆದರೂ ಈಗಿನಿಂದಲೇ ಅವನನ್ನು ಕೂರಿಸಿಕೊಂಡು ಬರೆಯಿರಿ. ನಿದ್ದೆ ನೆಟ್ಟಗಿರುವ ಒಂದು ಭಾನುವಾರ ಕೇಳಿ: ಮತ್ತೆ ಹಾಗಾದರೆ ಏನು ಮಾಡಲಿ? ಯಾರನ್ನು ಕರೆಯಲಿ? ಎಟಿಎಂ ಕಾರ್ಡ್ ಯಾರ ಹತ್ತಿರ ಇರಲಿ? ಕೆಲವು ಉತ್ತರಗಳು ನಿಮಗೆ ಹಿಡಿಸದಿರಬಹುದು. 'ಆಗ ಅಪ್ಪ ಮಾತಾಡಬಾರದು, ಮಾವ ಬರಲಿ' ಎಂದು ಒಬ್ಬ ಹುಡುಗ ಬರೆಸಿದ. ಅಪ್ಪ ಹತ್ತಿರವೇ ಕೂತಿದ್ದರು, ಹಾಗೇ ಬರೆದುಕೊಂಡರು.

ಹದಿನೆಂಟು ತುಂಬಿದ ದಿನದಿಂದ ಆ ಕಾಗದ ಅವನದು. ತನ್ನ ಪ್ರತಿನಿಧಿಯೆಂದು ಅವನು ಯಾರ ಹೆಸರನ್ನಾದರೂ ಬರೆಯಬಹುದು, ಅದು ನಿಮ್ಮದೇ ಆಗಿರಬೇಕೆಂಬ ನಿಯಮವಿಲ್ಲ. ನಿಮ್ಮ ಹೆಸರು ಬರೆಯುತ್ತಾನೋ ಇಲ್ಲವೋ ಎಂಬುದು ಇನ್ನೆರಡು ವರ್ಷದ ಮಾತು. ನೋಟ್‌ಬುಕ್ಕನ್ನು ಇವತ್ತು ರಾತ್ರಿಯೇ ಶುರುಮಾಡಬಹುದು.